‘ಸರ್ವ್ ಅಂಡ್ ರಿಟರ್ನ್’ ಅಂದ್ರೇನು?

ವಾಲಿಬಾಲ್ ಆಡಿದವರಿಗೆ ‘ಸರ್ವ್’ ಗೊತ್ತೇ ಇರುತ್ತದೆ. ಒಬ್ಬರು ಚೆಂಡು ಹೊಡೆಯುತ್ತಾರೆ, ಆಚೆಯವರು ಅದನ್ನು ತಿರುಗಿ ಕಳಿಸುತ್ತಾರೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಕ್ಕಳ ಬೆಳವಣಿಗೆ ಕೇಂದ್ರ ಎಳೆಯ ಮಕ್ಕಳ ಮೆದುಳಿನ ಬಗ್ಗೆ ಹೇಳುವಾಗ ಇದೇ ಮಾತನ್ನು ಬಳಸುತ್ತದೆ. ಕೂಸು ನೋಡುತ್ತದೆ, ಬೆರಳು ತೋರಿಸುತ್ತದೆ, ‘ಆ’ ಅನ್ನುತ್ತದೆ, ಅಳುತ್ತದೆ. ಅದು ಸರ್ವ್. ದೊಡ್ಡವರು ಅದನ್ನು ಗಮನಿಸಿ ಮಾತಾಡಿಸುವುದು, ನಗುವುದು, ಎತ್ತಿಕೊಳ್ಳುವುದು ರಿಟರ್ನ್.

ವಿಜಯಪುರದ ಕಡೆಯ ಒಂದು ಅಡುಗೆಮನೆ ಅಂದುಕೊಳ್ಳಿ. ಆಯಿ ರೊಟ್ಟಿ ಬಡಿಯುತ್ತಿದ್ದಾಳೆ. ಪಕ್ಕದಲ್ಲಿ ಕೂತ ಹತ್ತು ತಿಂಗಳ ಮೊಮ್ಮಗಳು ಹಿಟ್ಟಿನ ಕಡೆ ಕೈ ಚಾಚಿ ‘ಆ... ಆ’ ಅನ್ನುತ್ತಾಳೆ. ‘ಏನವ್ವಾ, ಹಿಟ್ಟು ಬೇಕೇನು? ತಗೋ’ ಅಂತ ಆಯಿ ಒಂದು ಚೂರು ಕೈಗಿಡುತ್ತಾಳೆ. ಕೂಸು ಅದನ್ನು ನೆಲಕ್ಕೆ ಬಡಿಯುತ್ತದೆ. ‘ರೊಟ್ಟಿ ಬಡೀತಿಯೇನು? ಬಡಿ, ಬಡಿ.’ ಆಯಿ ಪಟಪಟ ಬಡಿದು ಕೈ ನಿಲ್ಲಿಸಿ ಅದರ ಮುಖ ನೋಡುತ್ತಾಳೆ. ಕೂಸು ತಾನೂ ಬಡಿದು ಕಿಲಕಿಲ ನಗುತ್ತದೆ.

ಇಲ್ಲಿ ಆಯಿ ಕೈ ನಿಲ್ಲಿಸಿದ್ದಳಲ್ಲ, ನನ್ನ ಪ್ರಕಾರ ಇಡೀ ವಿಷಯದ ತಿರುಳು ಅದೇ. ಎಳೆಯ ಮಕ್ಕಳಿಗೆ ಉತ್ತರ ಕೊಡಲು ಹೊತ್ತು ಬೇಕು. ನಾವು ‘ಇದು ಕಾಗೆ, ಅದು ಎಮ್ಮೆ, ಎ ಬಿ ಸಿ ಹೇಳು’ ಅಂತ ಒಂದೇ ಸಮ ಸುರಿಯುತ್ತಿದ್ದರೆ ಅದರ ಸರದಿಯೇ ಬರುವುದಿಲ್ಲ. 2018ರಲ್ಲಿ ಅಮೆರಿಕದಲ್ಲಿ 4ರಿಂದ 6 ವರ್ಷದ ಮಕ್ಕಳ ಮೇಲಿನ ಒಂದು ಅಧ್ಯಯನ ಪ್ರಕಟವಾಯಿತು. ದೊಡ್ಡವರು ಎಷ್ಟು ಪದ ಆಡಿದರು ಅನ್ನುವುದಕ್ಕಿಂತ, ಮಾತು ಎಷ್ಟು ಸಲ ಹೋಗಿ ಬಂತು ಅನ್ನುವುದಕ್ಕೇ ಮೆದುಳಿನ ಭಾಷೆಯ ಭಾಗದ ಚಟುವಟಿಕೆಯ ಜೊತೆ ಜಾಸ್ತಿ ನಂಟು ಕಂಡಿತು.

ಮೊದಲ ಕೆಲವು ವರ್ಷಗಳಲ್ಲಿ ಮೆದುಳಿನೊಳಗೆ ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ಹೊಸ ನರಸಂಪರ್ಕಗಳು ಹುಟ್ಟುತ್ತವೆ ಎನ್ನುತ್ತದೆ ಹಾರ್ವರ್ಡ್ ಕೇಂದ್ರ. ಮತ್ತೆ ಮತ್ತೆ ಬಳಕೆಯಾದವು ಗಟ್ಟಿಯಾಗುತ್ತವೆ, ಬಳಕೆಯಾಗದವು ಕಳಚಿಹೋಗುತ್ತವೆ.

ಊಟ ಮಾಡಿಸಲು ಮೊಬೈಲ್ ಹಿಡಿಸುವುದು ನನಗೆ ಸಂಕಟ ತರುವುದು ಇದಕ್ಕೇ. ಮೊಬೈಲಿನ ಹಾಡು ಕೂಸಿನ ಮುಖ ನೋಡುವುದಿಲ್ಲ, ಅದಕ್ಕಾಗಿ ಕಾಯುವುದಿಲ್ಲ. ಎರಡು ವರ್ಷದೊಳಗೆ ಕೂತು ಪರದೆ ನೋಡುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಇದಕ್ಕೆ ಬೇರೆ ಹೊತ್ತು ತೆಗೆಯಬೇಕಿಲ್ಲ. ಇಳಕಲ್ಲಿನ ಮಗ್ಗದ ಮನೆಯಲ್ಲಿ ಲಾಳಿಯ ಸದ್ದಿಗೆ ಕೂಸು ತಿರುಗಿದರೆ ‘ಲಾಳಿ ಓಡ್ತು ನೋಡು’ ಅಂದರೆ ಸಾಕು. ಎರೆಯುವಾಗ, ಬಟ್ಟೆ ಮಡಚುವಾಗ, ಬಸ್ಸಿಗೆ ಕಾಯುವಾಗ ಎಲ್ಲ ನಡೆಯುತ್ತದೆ. ಎಲ್ಲ ಸರ್ವ್‌ಗೂ ಉತ್ತರ ಕೊಡಲು ಯಾರಿಂದಲೂ ಆಗದು, ಹೆದರಬೇಡಿ. ಬೆಳಗಾವಿಯ ಮನೆಗಳಲ್ಲಿ ಅವ್ವ ಕನ್ನಡ, ಅಜ್ಜಿ ಮರಾಠಿ ಆಡಿದರೆ ಕೂಸಿಗೆ ಗೊಂದಲ ಆಗುತ್ತದೆ ಅನ್ನುವವರಿದ್ದಾರೆ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ಯಾರಿಗೆ ಯಾವುದು ಬಾಯಿಗೆ ಸಲೀಸೋ ಅದರಲ್ಲೇ ಮಾತಾಡಿಸಲಿ.

ಒಂದು ಮಾತ್ರ ಕಡೆಗಣಿಸಬೇಡಿ. ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದಿದ್ದರೆ, ಬೆರಳು ತೋರಿಸದಿದ್ದರೆ, ಸದ್ದಿಗೆ ಬೆಚ್ಚದಿದ್ದರೆ ‘ನಮ್ಮನ್ಯಾಗ ಎಲ್ಲಾರೂ ತಡಾನೇ ಮಾತಾಡ್ಯಾರ’ ಅಂತ ಸುಮ್ನೆ ಕೂರಬೇಡಿ. ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿ, ಮಕ್ಕಳ ಡಾಕ್ಟರಿಗೆ ತೋರಿಸಿ, ಮೊದಲು ಕಿವಿ ಪರೀಕ್ಷೆ ಮಾಡಿಸಿ.