ಸಾಲ್ಸ್‌ಬರಿಯ ಅರ್ಧ ವಾಕ್ಯ

‘ಭಾರತದ ರಕ್ತ ತೆಗೆಯಲೇಬೇಕು’ ಎಂದು ಬ್ರಿಟಿಷ್ ಮಂತ್ರಿಯೊಬ್ಬ ಬರೆದಿದ್ದ ಎಂಬ ಮಾತು ನಮ್ಮ ಭಾಷಣಗಳಲ್ಲಿ ಬಹುಕಾಲದಿಂದ ಓಡಾಡುತ್ತಿದೆ. ಬರೆದಿದ್ದು ನಿಜ. ಬರೆದಾತ ಸಾಲ್ಸ್‌ಬರಿಯ ಮೂರನೆಯ ಮಾರ್ಕ್ವಿಸ್ ರಾಬರ್ಟ್ ಸೆಸಿಲ್. ವರ್ಷ 1875, ಹುದ್ದೆ ಭಾರತ ಮಂತ್ರಿ, ಅಂದರೆ ಲಂಡನ್ನಿನ ಸಂಪುಟದಲ್ಲಿ ಭಾರತದ ಉಸ್ತುವಾರಿ. ಆದರೆ ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ. ಉಳಿದರ್ಧ ಓದಿದರೆ ಮನುಷ್ಯ ಪರವಾಗಿಲ್ಲ ಅನ್ನಿಸುತ್ತದೆ. ಅದರ ಹಿಂದಿನ ಹತ್ತು ವರ್ಷ, ಮುಂದಿನ ಮೂರು ವರ್ಷ ಸೇರಿಸಿ ಓದಿದರೆ ಹಾಗೆ ಹೇಳಲು ನಾಲಿಗೆ ತಡವರಿಸುತ್ತದೆ.

ಆತ ಹುಟ್ಟಿದ್ದು 1830ರಲ್ಲಿ, ಹ್ಯಾಟ್‌ಫೀಲ್ಡ್ ಹೌಸ್ ಎಂಬ ಅರಮನೆಯಂಥ ಮನೆಯಲ್ಲಿ. ಈಟನ್ ಶಾಲೆಯಲ್ಲಿ ಸಹಪಾಠಿಗಳ ಹೊಡೆತ ತಾಳಲಾರದೆ ಹದಿನೈದಕ್ಕೇ ಮನೆಗೆ ಮರಳಿದ ಹುಡುಗ. 23ನೇ ವಯಸ್ಸಿಗೆ ಎದುರಾಳಿಯೇ ಇಲ್ಲದೆ ಪಾರ್ಲಿಮೆಂಟು ಸೇರಿದ. ತಂದೆಯ ಮಾತು ಮೀರಿ ನ್ಯಾಯಾಧೀಶರೊಬ್ಬರ ಮಗಳನ್ನು ಮದುವೆಯಾದ ಮೇಲೆ ಪತ್ರಿಕೆಗಳಿಗೆ ಬರೆದು ಸಂಸಾರ ತೂಗಿಸಬೇಕಾಯಿತು. ಆತನ ಗದ್ಯದ ಹರಿತ ಬಂದದ್ದು ಈ ದುಡಿಮೆಯಿಂದ ಎಂದರೆ ತಪ್ಪಾಗದು. 1865ರಲ್ಲಿ ಅಣ್ಣ ತೀರಿಕೊಂಡ. ಹಿರಿಯ ಮಗನ ಸ್ಥಾನ, ವೈಕೌಂಟ್ ಕ್ರ್ಯಾನ್‌ಬೋರ್ನ್ ಎಂಬ ಬಿರುದು ಎರಡೂ ಈತನ ಪಾಲಾದವು. ಮರುವರ್ಷ ಜುಲೈನಲ್ಲಿ, 36ನೇ ವಯಸ್ಸಿನಲ್ಲಿ, ಭಾರತ ಮಂತ್ರಿಯ ಕುರ್ಚಿ.

ಆಗ ಒಡಿಶಾದಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ಪರಿಸ್ಥಿತಿ ಹತೋಟಿಯಲ್ಲಿದೆ ಎಂಬ ಧಾಟಿಯಲ್ಲೇ ಕಲಕತ್ತೆಯ ಕಾಗದಗಳು ಬರುತ್ತಿದ್ದವು. ಹೊಸ ಮಂತ್ರಿ ಅವನ್ನು ನಂಬಿದ. ಅಷ್ಟರಲ್ಲಿ ಮಳೆಗಾಲ ಬಂದು ಒಡಿಶಾದ ಬಂದರುಗಳು ಮುಚ್ಚಿದವು, ಅಕ್ಕಿ ಸಾಗಿಸುವ ದಾರಿಯೇ ಇಲ್ಲದಾಯಿತು. ಸತ್ತವರು ಸುಮಾರು ಹತ್ತು ಲಕ್ಷ. 1867ರ ಆಗಸ್ಟಿನಲ್ಲಿ, ಹುದ್ದೆ ಬಿಟ್ಟಾದ ಮೇಲೆ, ಆತ ಕಾಮನ್ಸ್ ಸಭೆಯಲ್ಲಿ ಎದ್ದುನಿಂತು ಎರಡು ತಿಂಗಳು ತಾನು ಏನೂ ಮಾಡಲಿಲ್ಲ, ಆ ಹೊಣೆಯಿಂದ ಪೂರ್ತಿ ಮುಕ್ತನೆಂದು ತನಗೆ ಎಂದೂ ಅನ್ನಿಸಿಲ್ಲ ಎಂದು ಒಪ್ಪಿಕೊಂಡ. ಸಾಮ್ರಾಜ್ಯದ ಮಂತ್ರಿಗಳ ಬಾಯಲ್ಲಿ ಇಂಥ ಮಾತು ಅಪರೂಪ.

ಅದೇ ವರ್ಷ ಮೇ ತಿಂಗಳಲ್ಲಿ ಅದೇ ಸಭೆಯಲ್ಲಿ ಚರ್ಚೆಗೆ ಬಂದದ್ದು ನಮ್ಮ ಮೈಸೂರು. 1831ರಲ್ಲಿ ಆಡಳಿತ ಕಳೆದುಕೊಂಡಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡಿದ್ದರು. ಆ ದತ್ತನ್ನು ಕಲಕತ್ತೆ ಒಪ್ಪಿರಲಿಲ್ಲ. ಕ್ರ್ಯಾನ್‌ಬೋರ್ನ್‌ನ ನಂತರ ಬಂದ ನಾರ್ತ್‌ಕೋಟ್ 1867ರ ಏಪ್ರಿಲ್‌ನಲ್ಲಿ ರಾಜ್ಯವನ್ನು ಆ ಮನೆತನಕ್ಕೇ ಉಳಿಸುವ ನಿರ್ಧಾರ ಕಳಿಸಿದ. ಚರ್ಚೆಯಲ್ಲಿ ಕ್ರ್ಯಾನ್‌ಬೋರ್ನ್ ಅದರ ಪರ ನಿಂತ. ಚೆನ್ನಾಗಿ ಆಳಿಸಿಕೊಳ್ಳುವ ದೇಶೀಯ ಸಂಸ್ಥಾನಗಳು ಜನರ ರಾಜಕೀಯ ಬೆಳವಣಿಗೆಗೆ ತುಂಬ ಅನುಕೂಲ ಎಂಬುದು ಆತನ ವಾದ. ಅದರಲ್ಲಿ ಧರ್ಮವೆಷ್ಟು, ಲೆಕ್ಕಾಚಾರವೆಷ್ಟು? ಇಂಥ ಸಂಸ್ಥಾನಗಳಿಂದ ಬ್ರಿಟಿಷ್ ಆಳ್ವಿಕೆಯೂ ಭದ್ರವಾಗುತ್ತದೆ ಎಂಬ ಮಾತನ್ನು ಆತ ಮರೆಮಾಚಲಿಲ್ಲ.

1868ರಲ್ಲಿ ತಂದೆ ತೀರಿಕೊಂಡು ಕ್ರ್ಯಾನ್‌ಬೋರ್ನ್ ಸಾಲ್ಸ್‌ಬರಿಯಾದ. 1874ರಲ್ಲಿ ಮತ್ತೆ ಭಾರತ ಮಂತ್ರಿ. ಇನ್ನು ಆ ವಾಕ್ಯ. ಕಂದಾಯದ ಬಗ್ಗೆ ಬರೆದ ಟಿಪ್ಪಣಿಯಲ್ಲಿ ಆತ ಹೇಳಿದ್ದು ಇಷ್ಟು: ಹಣದ ಅಭಾವವಿರುವ ಹಳ್ಳಿಗಳಿಂದಲೇ ಹೆಚ್ಚು ವಸೂಲು ಮಾಡಿ, ಹಣ ಹೆಚ್ಚಾಗಿ ಪೋಲಾಗುವ ಪಟ್ಟಣಗಳನ್ನು ಬಿಟ್ಟುಬಿಡುವುದು ಜಾಣತನವಲ್ಲ. ವಸೂಲಾದದ್ದರಲ್ಲಿ ಇಷ್ಟೊಂದು ಪಾಲು ನೇರ ಪ್ರತಿಫಲವಿಲ್ಲದೆ ದೇಶದಾಚೆ ಹೋಗುವ ಭಾರತದಲ್ಲಂತೂ ಇದರ ಪೆಟ್ಟು ಇನ್ನೂ ಜೋರು. ಹೇಗೂ ರಕ್ತ ತೆಗೆಯಲೇಬೇಕಾದ್ದರಿಂದ, ಕತ್ತಿ ಇಡಬೇಕಾದ್ದು ರಕ್ತ ಹೆಪ್ಪುಗಟ್ಟಿರುವ ಕಡೆ, ಕನಿಷ್ಠ ಸಾಕಷ್ಟು ಇರುವ ಕಡೆ. ರಕ್ತವಿಲ್ಲದೆ ಆಗಲೇ ಸೊರಗಿದ ಕಡೆ ಅಲ್ಲ.

ಕಾಯಿಲೆಗೆಂದು ರಕ್ತ ಹರಿಸುತ್ತಿದ್ದ ವೈದ್ಯರ ರೂಪಕ ಇದು. ರೈತನ ಹೊರೆ ಇಳಿಸಿ ಎಂಬ ಸಲಹೆ ಎಂದು ಓದಬಹುದು, ಓದಲೂಬೇಕು. ಆದರೆ ರಕ್ತವನ್ನು ಯಾಕೆ ತೆಗೆಯಬೇಕು ಎಂಬ ಪ್ರಶ್ನೆ ಆ ಕಾಗದದಲ್ಲಿ ಏಳುವುದೇ ಇಲ್ಲ.

ಮರುವರ್ಷ ದಕ್ಷಿಣದಲ್ಲಿ ಮಳೆ ಕೈಕೊಟ್ಟಿತು. ನಮ್ಮ ಅಜ್ಜಂದಿರ ಕಾಲದವರು ಸಂವತ್ಸರಗಳ ಹೆಸರಲ್ಲೇ ಕರೆಯುತ್ತಿದ್ದ ಧಾತು ಈಶ್ವರ ಬರ. 1877ರ ಜನವರಿ 1ರಂದು ದೆಹಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದಾಗ ಭಾರತ ಮಂತ್ರಿ ಇದ್ದದ್ದು ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಬಾಲ್ಕನ್ ಬಿಕ್ಕಟ್ಟಿನ ಸಂಧಾನದಲ್ಲಿ. ಮೂರು ವರ್ಷ ಹಿಂದೆ ಬಿಹಾರದ ಬರಕ್ಕೆ ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿದ್ದ, ಅದಕ್ಕಾಗಿ ದುಂದುಗಾರ ಎನ್ನಿಸಿಕೊಂಡಿದ್ದ ರಿಚರ್ಡ್ ಟೆಂಪಲ್‌ನನ್ನೇ ಈ ಸಲ ಖರ್ಚು ಹಿಡಿಯಲು ಮದರಾಸಿಗೆ ಕಳಿಸಲಾಯಿತು. ಬರ ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಹೊರುವವನಿಗೆ ಆತ ಗೊತ್ತುಮಾಡಿದ ಕೂಲಿ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೊಂದು ಆಣೆ. ಅರ್ಧ ಕಿಲೋಗೂ ಕಮ್ಮಿ.

ಮೈಸೂರು ಆಗಿನ್ನೂ ಬ್ರಿಟಿಷ್ ಕಮಿಷನರ ಕೈಯಲ್ಲೇ ಇತ್ತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50.55 ಲಕ್ಷ. 1881ರಲ್ಲಿ 41.86 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಲೆಕ್ಕ ಹೀಗಾಯಿತು. 1881ರ ಮಾರ್ಚ್ 25ರಂದು ಹದಿನೆಂಟರ ಚಾಮರಾಜೇಂದ್ರರಿಗೆ ರಾಜ್ಯ ಮರಳಿದಾಗ ಜೊತೆಗೆ ಬಂದದ್ದು ಬರದ 80 ಲಕ್ಷ ರೂಪಾಯಿ ಸಾಲ. ಬ್ರಿಟಿಷರಿಗೆ ಕೊಡಬೇಕಿದ್ದ, ವರ್ಷಕ್ಕೆ ಇಪ್ಪತ್ತನಾಲ್ಕೂವರೆ ಲಕ್ಷವಿದ್ದ ಪೊಗದಿಯನ್ನು (ಕಪ್ಪವನ್ನು) 35 ಲಕ್ಷಕ್ಕೆ ಏರಿಸುವ ಷರತ್ತೂ ಇತ್ತು. ಬರದ ಬಡತನ ನೋಡಿ ಏರಿಕೆಯನ್ನಷ್ಟೇ ಮುಂದೂಡಿದರು. ಸೊರಗಿದ ಕಡೆ ಕತ್ತಿ ಇಡಬೇಡಿ ಎಂದು ಬರೆದಾತ 1878ರಲ್ಲೇ ವಿದೇಶಾಂಗ ಮಂತ್ರಿಯಾಗಿ ಹೋಗಿದ್ದ. ಇಷ್ಟಕ್ಕೂ ಅಧಿಕಾರ ಲಂಡನ್, ಕಲಕತ್ತೆ, ಮದರಾಸು, ಬೆಂಗಳೂರುಗಳ ನಡುವೆ ಹಂಚಿಹೋಗಿತ್ತು. ಯಾರ ಸಹಿಯೂ ಒಂಟಿಯಾಗಿರಲಿಲ್ಲ.

ಮುಂದಿನದು ಚುಟುಕಾಗಿ: ಮೂರು ಸಲ ಪ್ರಧಾನಿ, ಒಟ್ಟು ಹದಿಮೂರು ವರ್ಷಕ್ಕೂ ಹೆಚ್ಚು, ಆಫ್ರಿಕಾದ ಹಂಚಿಕೆ, ಬೋಯರ್ ಯುದ್ಧ, 1902ರಲ್ಲಿ ಸೋದರಳಿಯ ಬಾಲ್ಫೋರ್‌ಗೆ ಕುರ್ಚಿ, ಮರುವರ್ಷ ಸಾವು.

ನಡುವೆ ಒಂದು ಎಡವಟ್ಟಿದೆ. 1886ರ ಪಾರ್ಲಿಮೆಂಟು ಚುನಾವಣೆಯಲ್ಲಿ ದಾದಾಭಾಯಿ ನವರೋಜಿ ಲಂಡನ್ನಿನ ಹಾಲ್‌ಬೋರ್ನ್‌ನಲ್ಲಿ ಸೋತಿದ್ದರು. ಎರಡು ವರ್ಷದ ಮೇಲೆ ಎಡಿನ್‌ಬರೋದಲ್ಲಿ ಮಾತಾಡುತ್ತ ಪ್ರಧಾನಿ ಸಾಲ್ಸ್‌ಬರಿ, ಬ್ರಿಟಿಷ್ ಮತದಾರರು ಕರಿಯನೊಬ್ಬನನ್ನು ಆರಿಸುವ ಕಾಲ ಇನ್ನೂ ಬಂದಿಲ್ಲ ಎಂದುಬಿಟ್ಟ. ಅಷ್ಟೇನೂ ಪರಿಚಿತರಲ್ಲದ ನವರೋಜಿ ಒಂದೇ ಮಾತಿಗೆ ಬ್ರಿಟನ್ನಿನಾದ್ಯಂತ ಮನೆಮಾತಾದರು. 1892ರಲ್ಲಿ ಸೆಂಟ್ರಲ್ ಫಿನ್ಸ್‌ಬರಿಯಲ್ಲಿ ಐದು ಮತಗಳಿಂದ ಗೆದ್ದರು. ಅದೇ ಚುನಾವಣೆಯಲ್ಲಿ ಸಾಲ್ಸ್‌ಬರಿ ಬಹುಮತ ಕಳೆದುಕೊಂಡು ಕೆಳಗಿಳಿದ.

ರಕ್ತದ ವಾಕ್ಯವನ್ನು ನಮ್ಮವರಿಗೆ ಮತ್ತೆ ಮತ್ತೆ ಓದಿಸಿದವರೂ ನವರೋಜಿಯೇ. ಭಾರತದ ಬಡತನದ ಬಗ್ಗೆ ಅವರ ದೊಡ್ಡ ಪುಸ್ತಕ 1901ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಪ್ರಧಾನಿಯ ಕುರ್ಚಿಯಲ್ಲಿ ಆಗಲೂ ಸಾಲ್ಸ್‌ಬರಿಯೇ ಇದ್ದ.