ಅರವತ್ತು ದಾಟಿದವರ ಸಾವು: ಅಂದಿನದನ್ನೂ ಇಂದಿನದನ್ನೂ ಹೋಲಿಸುವ ಮುನ್ನ

2020ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 6,07,922 ಸಾವುಗಳು ನೋಂದಣಿಯಾದವು. 1918ರ ನಂತರ ಒಂದೇ ವರ್ಷದಲ್ಲಿ ಅಲ್ಲಿ ಅಷ್ಟು ಜನ ಸತ್ತಿರಲಿಲ್ಲ. ಆ ವರ್ಷದ ಲೆಕ್ಕ 6,11,861. ನೂರು ವರ್ಷಗಳಲ್ಲೇ ಅತಿ ಹೆಚ್ಚು ಸಾವು ಎಂದು ಪತ್ರಿಕೆಗಳು ಬರೆದವು. ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಕಚೇರಿಯ ಲೆಕ್ಕದಲ್ಲೇ ಇನ್ನೊಂದು ಸಂಗತಿಯೂ ಇತ್ತು. ಜನರ ವಯಸ್ಸನ್ನು ಸರಿಹೊಂದಿಸಿ ನೋಡಿದರೆ 2020ರ ಮರಣ ಪ್ರಮಾಣ 2008ರಿಂದೀಚೆಗೆ ಅತಿ ಹೆಚ್ಚು, ಅಷ್ಟೇ.

ಒಂದು ಲೆಕ್ಕ ನಮ್ಮನ್ನು ಮೊದಲ ಮಹಾಯುದ್ಧದ ಕಾಲಕ್ಕೆ ಒಯ್ಯುತ್ತದೆ, ಇನ್ನೊಂದು ಹನ್ನೆರಡೇ ವರ್ಷ ಹಿಂದಕ್ಕೆ. ಎರಡರಲ್ಲೂ ಸುಳ್ಳಿಲ್ಲ. ವೈದ್ಯಕೀಯ ಕಾಲೇಜಿನಲ್ಲಿ ಅಂಕಿಅಂಶ ಶಾಸ್ತ್ರ ಕಲಿಸುವ ನನಗೆ ಪಾಠ ಆರಂಭಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1918ರಲ್ಲಿ ಅಲ್ಲಿನ ಜನಸಂಖ್ಯೆ ಮೂರೂವರೆ ಕೋಟಿಯ ಆಸುಪಾಸು; 2020ರಲ್ಲಿ ಸುಮಾರು ಆರು ಕೋಟಿ. ತಲೆ ಎಣಿಕೆಯ ಈ ವ್ಯತ್ಯಾಸ ಯಾರಿಗಾದರೂ ಹೊಳೆಯುತ್ತದೆ. ಹೊಳೆಯದೆ ಉಳಿಯುವುದು ಆ ತಲೆಗಳು ಎಷ್ಟು ನರೆತಿದ್ದವು ಎಂಬುದು. 1918ರ ಇನ್‌ಫ್ಲುಯೆಂಜಾ ಇಪ್ಪತ್ತರಿಂದ ನಲವತ್ತರೊಳಗಿನ ಗಟ್ಟಿಮುಟ್ಟಾದವರನ್ನು ಎಳೆದೊಯ್ದ ಕಾಯಿಲೆ. ಕೋವಿಡ್‌ನಿಂದ ಅಲ್ಲಿ ಸತ್ತವರಲ್ಲಿ ಬಹುಪಾಲು ಅರವತ್ತೈದು ದಾಟಿದವರು. ಅಂಥ ಹಿರಿಯರು ಅಷ್ಟು ದೊಡ್ಡ ಸಂಖ್ಯೆಯಲ್ಲಿ 1918ರ ಇಂಗ್ಲೆಂಡ್‌ನಲ್ಲಿ ಬದುಕಿರಲೇ ಇಲ್ಲ.

ಹಾಗಾದರೆ ಹಿರಿಯರ ಲೆಕ್ಕವನ್ನಷ್ಟೇ ಬೇರೆ ತೆಗೆದರೆ ತೊಂದರೆ ಮುಗಿಯಿತಲ್ಲ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಮುಗಿಯುವುದಿಲ್ಲ. ‘ಅರವತ್ತು ದಾಟಿದವರು’ ಎಂಬ ಗುಂಪಿಗೆ ಕೆಳಗೆ ಗಡಿಯಿದೆ, ಮೇಲೆ ಇಲ್ಲ. ನಿನ್ನೆ ನಿವೃತ್ತರಾದ ಮೇಷ್ಟ್ರೂ ಅವರ ತೊಂಬತ್ತರ ತಾಯಿಯೂ ಒಂದೇ ಸಾಲಿನಲ್ಲಿ ಬರುತ್ತಾರೆ. ವಯಸ್ಸಾದಂತೆ ಸಾವಿನ ಸಾಧ್ಯತೆ ಒಂದೇ ಅಳತೆಯಲ್ಲಿ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಇದನ್ನು 1825ರಲ್ಲೇ ಬೆಂಜಮಿನ್ ಗೊಂಪರ್ಟ್ಜ್ ಸೂತ್ರವಾಗಿ ಬರೆದಿದ್ದ. ನಡುವಯಸ್ಸಿನ ನಂತರ ಸುಮಾರು ಎಂಟು ವರ್ಷಕ್ಕೊಮ್ಮೆ ಆ ಸಾಧ್ಯತೆ ಇಮ್ಮಡಿಯಾಗುತ್ತದೆ ಎಂಬುದು ಇಂದಿಗೂ ಒರಟಾಗಿ ಹೊಂದುವ ಲೆಕ್ಕ.

ತರಗತಿಯಲ್ಲಿ ನಾನು ಹಲಗೆಯ ಮೇಲೆ ಒಂದು ಕಾಲ್ಪನಿಕ ಹೋಬಳಿಯನ್ನು ಬರೆಯುತ್ತೇನೆ. ಅಲ್ಲಿ ಹತ್ತು ಸಾವಿರ ಹಿರಿಯರು: ಅರವತ್ತರ ದಶಕದಲ್ಲಿ 6,000, ಎಪ್ಪತ್ತರ ದಶಕದಲ್ಲಿ 3,000, ಎಂಬತ್ತು ಮತ್ತು ಅದರಾಚೆ 1,000. ವರ್ಷಕ್ಕೆ ಸಾವಿರಕ್ಕೆ ಕ್ರಮವಾಗಿ 20, 50 ಮತ್ತು 120 ಸಾವು ಎಂದಿಟ್ಟುಕೊಳ್ಳಿ. 120, 150 ಮತ್ತೆ 120, ಒಟ್ಟು 390. ಅಂದರೆ ಸಾವಿರಕ್ಕೆ 39. ಇಪ್ಪತ್ತು ವರ್ಷ ಕಳೆಯಿತು. ರಕ್ತದೊತ್ತಡದ ಮಾತ್ರೆ ಬಂತು, ರಸ್ತೆ ಬಂತು, ಆಂಬುಲೆನ್ಸ್ ಬಂತು. ಪ್ರತಿ ಗುಂಪಿನಲ್ಲೂ ಸಾವು ನೂರಕ್ಕೆ ಹತ್ತರಷ್ಟು ಇಳಿದು 18, 45, 108 ಆಯಿತು. ಆದರೆ ಬದುಕಿದವರು ಮುದುಕರಾದರು: ಈಗಿನ ಹತ್ತು ಸಾವಿರದಲ್ಲಿ 5,000, 3,000 ಮತ್ತು 2,000. ಸಾವುಗಳು 90, 135, 216, ಒಟ್ಟು 441. ಸಾವಿರಕ್ಕೆ 39 ಇದ್ದದ್ದು 44ಕ್ಕೆ ಏರಿತು!

ಯಾವ ವಯಸ್ಸಿನವರನ್ನು ಕೇಳಿದರೂ ಸ್ಥಿತಿ ಸುಧಾರಿಸಿದೆ, ಒಟ್ಟು ನೋಡಿದರೆ ಕೆಟ್ಟಿದೆ. ಹೊಸ ಕಾಲದ ದರಗಳನ್ನು ಹಳೆಯ 6,000, 3,000, 1,000ಕ್ಕೇ ಅನ್ವಯಿಸಿ ನೋಡಿ. 108, 135, 108, ಒಟ್ಟು 351. ಸಾವಿರಕ್ಕೆ 35. ವಯಸ್ಸಿಗೆ ಹೊಂದಿಸಿದ ದರವೆಂದರೆ ಇಷ್ಟೇ. ಗುಣಾಕಾರ, ಸಂಕಲನ ಬಂದರೆ ಸಾಕು.

ಕೇರಳ ಮತ್ತು ಬಿಹಾರದ ಮಾತು ಎತ್ತಿದರೆ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಆಯ್ದ ಕೆಲವು ಪ್ರದೇಶಗಳ ಜನನ ಮರಣಗಳನ್ನು ಬರೆದಿಟ್ಟು ಇಡೀ ರಾಜ್ಯದ ದರ ಅಂದಾಜಿಸುವ ಮಾದರಿ ನೋಂದಣಿ ವ್ಯವಸ್ಥೆಯ, ಅಂದರೆ ಎಸ್‌ಆರ್‌ಎಸ್‌ನ, 2020ರ ವರದಿಯಂತೆ ಕೇರಳದಲ್ಲಿ ಸಾವಿರ ಜನಕ್ಕೆ 7 ಸಾವು, ಬಿಹಾರದಲ್ಲಿ 5.4. ಕೇರಳದ ನಿರೀಕ್ಷಿತ ಆಯುಸ್ಸು 75ರ ಆಸುಪಾಸು, ಬಿಹಾರದ್ದು 69ರ ಆಸುಪಾಸು. ಗುಟ್ಟು 2011ರ ಜನಗಣತಿಯಲ್ಲಿದೆ. ಅರವತ್ತು ದಾಟಿದವರು ಕೇರಳದಲ್ಲಿ ಶೇ 12.6, ಬಿಹಾರದಲ್ಲಿ ಶೇ 7.4. ನಮ್ಮ ಕರ್ನಾಟಕ ಶೇ 9.5ರೊಂದಿಗೆ ನಡುವೆ ನಿಂತಿದೆ. ಕಾಲದಿಂದ ಕಾಲಕ್ಕೆ ಹೋಲಿಸುವಾಗಲೂ ಇದೇ ಕಥೆ, ರಾಜ್ಯಗಳ ಜಾಗದಲ್ಲಿ ವರ್ಷಗಳು ಬರುತ್ತವೆ.

ಹೊಂದಿಸಿದ ದರ ಎಂಬ ಹಣೆಪಟ್ಟಿ ಕಂಡೊಡನೆ ನಂಬಿಬಿಡುವವರಿಗೂ ಒಂದು ಮಾತಿದೆ. ಯಾವ ಜನಸಂಖ್ಯೆಗೆ ಹೊಂದಿಸಿದ್ದು? ಅಮೆರಿಕ 1998ರವರೆಗಿನ ಸಾವುಗಳನ್ನು 1940ರ ಜನಸಂಖ್ಯೆಗೆ ಹೊಂದಿಸುತ್ತಿತ್ತು, 1999ರಿಂದ 2000ದ ಜನಸಂಖ್ಯೆಗೆ. ಹೊಸ ಮಾನದಂಡದಲ್ಲಿ ಹಿರಿಯರ ಪಾಲು ಹೆಚ್ಚು. ಅದೇ ವರ್ಷದ ಅದೇ ಸಾವುಗಳ ದರ ಹೆಚ್ಚುಕಡಿಮೆ ಇಮ್ಮಡಿಯಾಗಿ ಕಂಡಿತು. ಯುರೋಪಿನ 1976ರ ಮಾನಕ ಜನಸಂಖ್ಯೆಯಲ್ಲಿ ಅರವತ್ತೈದು ದಾಟಿದವರು ಶೇ 11, 2013ರದ್ದರಲ್ಲಿ ಶೇ 19.5. ಹಳೆಯ ಪ್ರಬಂಧವೊಂದರ ಕೋಷ್ಟಕವನ್ನೂ ಹೊಸ ವರದಿಯದ್ದನ್ನೂ ಅಕ್ಕಪಕ್ಕ ಇಟ್ಟು ಗೆರೆ ಎಳೆಯುವವರು ಅಡಿಟಿಪ್ಪಣಿ ಓದಬೇಕು. ಓದುವುದಿಲ್ಲ ಎಂಬುದು ನನ್ನ ಅನುಭವ.

ಇನ್ನು ಯಾವ ವರ್ಷಕ್ಕೆ ಹೋಲಿಸುವುದು ಎಂಬ ಪ್ರಶ್ನೆ. ಇಲ್ಲಿ ಜಗಳ ಜಾಸ್ತಿ, ಜಾಣತನವೂ ಜಾಸ್ತಿ. ಸ್ವೀಡನ್‌ನಲ್ಲಿ 2020ರಲ್ಲಿ 98,124 ಜನ ಸತ್ತರು, 2019ರಲ್ಲಿ 88,766. ವ್ಯತ್ಯಾಸ ಒಂಬತ್ತು ಸಾವಿರಕ್ಕೂ ಮೇಲು. ಆದರೆ 2019 ಅಲ್ಲಿ ಅಪರೂಪದ ಕಡಿಮೆ ಸಾವಿನ ವರ್ಷವಾಗಿತ್ತು. ಹಿಂದಿನ ಐದು ವರ್ಷಗಳ ಸರಾಸರಿಗೆ ಹೋಲಿಸಿದರೆ ವ್ಯತ್ಯಾಸ ಸುಮಾರು ಏಳು ಸಾವಿರ. ಒಂದು ಹಗುರ ವರ್ಷದಲ್ಲಿ ಉಳಿದುಕೊಂಡ ಬಹಳ ಅಶಕ್ತ ಹಿರಿಯರು ಮುಂದಿನ ವರ್ಷದ ಲೆಕ್ಕಕ್ಕೆ ಸೇರುತ್ತಾರೆ. ಇದು ತಿರುಗುಮುರುಗಾಗಿಯೂ ನಡೆಯುತ್ತದೆ. 2003ರ ಆಗಸ್ಟ್‌ನ ಬಿಸಿಗಾಳಿಗೆ ಫ್ರಾನ್ಸ್‌ನಲ್ಲಿ ಸುಮಾರು 15,000 ಹೆಚ್ಚುವರಿ ಸಾವುಗಳಾದವು, ಹೆಚ್ಚಿನವರು ಎಪ್ಪತ್ತೈದು ದಾಟಿದವರು. 2004ರಲ್ಲಿ ಅಲ್ಲಿ ಸಾವಿನ ಸಂಖ್ಯೆ ಚೆನ್ನಾಗಿಯೇ ಇಳಿಯಿತು. ಆ ಒಂದು ವರ್ಷವನ್ನು ಹಿಡಿದು ಫ್ರಾನ್ಸ್‌ನ ಹಿರಿಯರ ಆರೋಗ್ಯ ದಿಢೀರನೆ ಸುಧಾರಿಸಿತೆಂದು ಬರೆದರೆ ಲೆಕ್ಕ ತಪ್ಪಲ್ಲ, ಅರ್ಥ ತಪ್ಪು.

ಐದು ವರ್ಷಗಳ ಸರಾಸರಿಯೂ ಬ್ರಹ್ಮಲಿಪಿಯಲ್ಲ. ಹಿರಿಯರ ಸಂಖ್ಯೆ ಬೆಳೆಯುತ್ತಿರುವ ದೇಶದಲ್ಲಿ ಏನೂ ಅನಾಹುತವಾಗದಿದ್ದರೂ ಈ ವರ್ಷದ ಸಾವು ಹಿಂದಿನ ಸರಾಸರಿಗಿಂತ ಹೆಚ್ಚೇ ಇರುತ್ತದೆ. ಬ್ರಿಟನ್ನಿನ ಅಂಕಿಅಂಶ ಕಚೇರಿ 2024ರ ಫೆಬ್ರವರಿಯಲ್ಲಿ ತನ್ನ ವಿಧಾನವನ್ನೇ ಬದಲಿಸಿ, ಜನಸಂಖ್ಯೆ ಹಿಗ್ಗುವುದನ್ನೂ ಮುಪ್ಪಾಗುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. 2023ರಲ್ಲಿ ಹಳೆಯ ವಿಧಾನದಂತೆ 31 ಸಾವಿರಕ್ಕೂ ಹೆಚ್ಚು ಎನಿಸಿದ್ದ ಹೆಚ್ಚುವರಿ ಸಾವುಗಳು ಹೊಸ ವಿಧಾನದಲ್ಲಿ ಸುಮಾರು 11 ಸಾವಿರಕ್ಕೆ ಇಳಿದವು. ಸತ್ತವರ ಸಂಖ್ಯೆಯಲ್ಲಿ ಒಂದೂ ಬದಲಾಗಲಿಲ್ಲ. ಬದಲಾದದ್ದು ಎಷ್ಟು ಸಾವನ್ನು ನಿರೀಕ್ಷಿಸಬೇಕಿತ್ತು ಎಂಬ ಅಂದಾಜು. ಆದ್ದರಿಂದ ಹೆಚ್ಚುವರಿ ಸಾವು ಎಂಬ ಪದ ಎಲ್ಲೇ ಕಂಡರೂ ‘ಯಾವುದಕ್ಕಿಂತ ಹೆಚ್ಚು?’ ಎಂದು ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಇಷ್ಟೆಲ್ಲ ಸೂಕ್ಷ್ಮ, ಪ್ರತಿ ಸಾವೂ ಪ್ರತಿ ವಯಸ್ಸೂ ಸರಿಯಾಗಿ ದಾಖಲಾಗುವ ದೇಶಗಳದ್ದು. ನಮ್ಮಲ್ಲಿ ಮೊದಲ ಮೆಟ್ಟಿಲೇ ಅಲುಗಾಡುತ್ತದೆ.

ಹಳ್ಳಿಯ ಹಳೆಯ ಮರಣ ನೋಂದಣಿ ಪುಸ್ತಕವೊಂದನ್ನು ತೆರೆದು ವಯಸ್ಸಿನ ಕಲಮಿನ ಮೇಲೆ ಬೆರಳಾಡಿಸಿದರೆ 60, 65, 70, 70, 80, 75, ಮತ್ತೆ 70. ಎಪ್ಪತ್ತೊಂದಕ್ಕೋ ಎಂಬತ್ತಮೂರಕ್ಕೋ ಸತ್ತವರು ಅಪರೂಪ. ಸೊನ್ನೆ ಮತ್ತು ಐದರ ಮೇಲೆ ವಯಸ್ಸುಗಳು ಗುಂಪುಗೂಡುವುದು ಭಾರತದ ಜನಗಣತಿಗಳಲ್ಲೂ ಹಳೆಯ ಕಾಯಿಲೆ. ಇದಕ್ಕಿಂತ ಕೆಟ್ಟದ್ದು ವಯಸ್ಸನ್ನು ಏರಿಸಿ ಹೇಳುವುದು. ಅರವತ್ತೆಂಟರ ಅಜ್ಜ ಗಣತಿಯವರಿಗೆ ಎಂಬತ್ತು ಎಂದು ಬರೆಸಿದರೆ ಎಂಬತ್ತರ ಗುಂಪಿಗೆ ಒಬ್ಬ ಗಟ್ಟಿ ಮನುಷ್ಯ ಸೇರಿಕೊಂಡಂತಾಯಿತು. ಆ ಗುಂಪಿನ ಮರಣ ಪ್ರಮಾಣ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಈಗ ಆಧಾರ್, ಪಿಂಚಣಿ ಕಾಗದ, ಶಾಲಾ ದಾಖಲೆಗಳಿಂದ ವಯಸ್ಸು ಒಂದೆಡೆ ನಿಂತಿದೆ. ಪರಿಣಾಮ ಸ್ವಲ್ಪ ವಿಚಿತ್ರ. ದಾಖಲೆ ಸುಧಾರಿಸಿದ್ದರಿಂದಲೇ ತೀರ ಹಿರಿಯರ ಮರಣ ಪ್ರಮಾಣ ಹಿಂದಿಗಿಂತ ಏರಿದಂತೆ ತೋರಬಹುದು.

ಯಾರ ಸಾವು ಪುಸ್ತಕಕ್ಕೆ ಏರುತ್ತಿತ್ತು ಎಂಬುದೂ ಮುಖ್ಯ. ಜನನ ಮರಣ ನೋಂದಣಿ ಕಾಯ್ದೆ 1969ರದ್ದು; ಇಪ್ಪತ್ತೊಂದು ದಿನದೊಳಗೆ ತಿಳಿಸಬೇಕೆಂಬ ನಿಯಮವೂ ಇದೆ. ಆದರೆ ಜನರನ್ನು ಕಚೇರಿಗೆ ಕರೆತಂದದ್ದು ಕಾಯ್ದೆಗಿಂತ ಹೆಚ್ಚಾಗಿ ಪೌತಿ ಖಾತೆ. ಹೆಸರಿನಲ್ಲಿ ಎರಡೆಕರೆ ಇದ್ದ ತಂದೆ ತೀರಿಕೊಂಡರೆ ಮರಣ ಪ್ರಮಾಣಪತ್ರ ಬೇಕೇ ಬೇಕು. ಪಹಣಿಯಲ್ಲಿ ಹೆಸರಿಲ್ಲದ ತಾಯಿ ತೀರಿಕೊಂಡರೆ ಯಾವ ಕಾಗದವೂ ನಿಲ್ಲುತ್ತಿರಲಿಲ್ಲ. ಹಾಗಾಗಿ ಹಳೆಯ ಪುಸ್ತಕಗಳಲ್ಲಿ ಅಜ್ಜಂದಿರು ಸಾಯುತ್ತಾರೆ, ಅಜ್ಜಿಯರು ಕಡಿಮೆ. ಮುಂದೆ ವಿಮೆ, ಬ್ಯಾಂಕ್ ಖಾತೆ, ಪರಿಹಾರಗಳು ಬಂದು ಅಜ್ಜಿಯರ ಸಾವೂ ನೋಂದಣಿಯಾಗತೊಡಗಿತು. ಇದನ್ನು ತಿಳಿಯದ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಹಿರಿಯ ಮಹಿಳೆಯರ ಮರಣ ಹೆಚ್ಚಳಕ್ಕೆ ಮಧುಮೇಹ ಕಾರಣ ಎಂದು ಕರಡು ತಂದಿದ್ದರು. ಮಧುಮೇಹ ನಿಜವೇ, ಆದರೆ ಆ ಏರಿಕೆಯನ್ನು ಅದರ ತಲೆಗೆ ಕಟ್ಟುವ ಮೊದಲು ಗುಮಾಸ್ತರನ್ನು ಮಾತನಾಡಿಸಿ ಬನ್ನಿ ಎಂದೆ.

ಇನ್ನೊಂದು ತೊಡಕು ಊರಿನದು. ಸಾವು ಎಲ್ಲಿ ಸಂಭವಿಸಿತೋ ಅಲ್ಲಿ ನೋಂದಣಿಯಾಗುತ್ತದೆ. ಸಾಗರದ ಹಿರಿಯರು ಮಗನ ಮನೆಗೆಂದು ಬೆಂಗಳೂರಿಗೆ ಬಂದು ಇಲ್ಲಿನ ಐಸಿಯುನಲ್ಲಿ ತೀರಿಕೊಂಡರೆ ಲೆಕ್ಕ ಬೆಂಗಳೂರಿನದು. ಆಸ್ಪತ್ರೆಗಳು ನಗರಕ್ಕೆ ಸೇರಿದಷ್ಟೂ ನಗರದ ಸಾವು ಹೆಚ್ಚುತ್ತದೆ, ಮಲೆನಾಡಿನದು ಕಡಿಮೆಯಾಗುತ್ತದೆ. ಹತ್ತು ವರ್ಷಗಳ ಅಂತರದ ಎರಡು ಜಿಲ್ಲಾ ವರದಿಗಳನ್ನು ಹೋಲಿಸುವಾಗ ವಾಸಸ್ಥಳದ ಕಲಮನ್ನು ನೋಡದೆ ಹೋದರೆ ಆರೋಗ್ಯವನ್ನು ಬಿಟ್ಟು ಬಸ್ಸಿನ ಸೌಕರ್ಯವನ್ನು ಅಳೆದಂತಾಗುತ್ತದೆ.

ಇದೇ ಕಾರಣಕ್ಕೆ ನಾನು ರಾಜ್ಯಮಟ್ಟದ ಹೋಲಿಕೆಗೆ ನೋಂದಣಿ ಪುಸ್ತಕಕ್ಕಿಂತ ಎಸ್‌ಆರ್‌ಎಸ್ ಅನ್ನು ನಂಬುತ್ತೇನೆ. 1969–70ರಿಂದ ಪೂರ್ಣ ಪ್ರಮಾಣದಲ್ಲಿ ನಡೆಯುತ್ತಿರುವ ಅದರಲ್ಲಿ ಸ್ಥಳೀಯ ಗಣತಿದಾರರು ಸಾವುಗಳನ್ನು ಆಗಿಂದಾಗ್ಗೆ ಬರೆದಿಡುತ್ತಾರೆ. ಮೇಲ್ವಿಚಾರಕರು ಆರು ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ಬೇರೆಯೇ ಪಟ್ಟಿ ಮಾಡುತ್ತಾರೆ. ಎರಡನ್ನೂ ತಾಳೆ ನೋಡಿ, ಹೊಂದದ್ದನ್ನು ಮತ್ತೆ ಹೋಗಿ ವಿಚಾರಿಸುತ್ತಾರೆ. ಆದರೆ ಮಾದರಿ ಚಿಕ್ಕದು. ಒಂದು ಜಿಲ್ಲೆಯ ಎಂಬತ್ತು ದಾಟಿದವರ ದರವನ್ನು ಅದರಿಂದ ಹಿಂಡಲು ಹೋಗಬಾರದು.

ಜಿಲ್ಲೆಯ ದರ ಬೇಕೆಂದರೆ ಛೇದಕ್ಕೆ ಜನಸಂಖ್ಯೆ ಬೇಕು, ಅದೂ ವಯಸ್ಸಿನ ಪ್ರಕಾರ. 2021ರ ಗಣತಿ ನಡೆಯಲಿಲ್ಲ. ಮುಂದಿನದು 2027ಕ್ಕೆ ನಿಗದಿಯಾಗಿದೆ. ಅಲ್ಲಿಯವರೆಗೆ ನಾವೆಲ್ಲ 2011ರ ತಲೆಗಳನ್ನು ಮುಂದಕ್ಕೆ ಅಂದಾಜಿಸಿ ಭಾಗಿಸುತ್ತಿದ್ದೇವೆ. 2011ರಲ್ಲಿ ಅರವತ್ತೈದಾಗಿದ್ದವರು 2026ರಲ್ಲಿ ಎಂಬತ್ತಾದವರು. ಅವರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ ಎಂಬ ಅಂದಾಜಿನೊಳಗೇ ಮರಣ ಪ್ರಮಾಣದ ಒಂದು ಊಹೆ ಅಡಗಿದೆ, ಮತ್ತು ಆ ಅಂದಾಜಿನಿಂದಲೇ ನಾವು ಮರಣ ಪ್ರಮಾಣ ಕಂಡುಹಿಡಿಯುತ್ತೇವೆ. ಹೊಸ ಗಣತಿಯ ವಯಸ್ಸಿನ ಕೋಷ್ಟಕ ಕೈಗೆ ಬಂದ ಮೇಲೆ ನಡುವಿನ ವರ್ಷಗಳ ದರಗಳನ್ನೆಲ್ಲ ಮತ್ತೆ ಭಾಗಿಸಬೇಕಾಗುತ್ತದೆ, ಕೆಳಗಿನ ಸಾಲಿನಿಂದ, ಅಂದರೆ ಎಂಬತ್ತು ದಾಟಿದವರಿಂದ ಶುರುಮಾಡಿ.