ಕಾಲೇಜಿನ ಎರಡನೇ ಭಾಷೆ: ಮೊದಲ ಸೆಮಿಸ್ಟರಿನಲ್ಲೇ ಶುರು ಮಾಡಿ

ಮಾರ್ಚ್ ಬಂತೆಂದರೆ ನನ್ನ ಮೇಜಿನ ಮುಂದೆ ಒಂದೇ ಥರದ ಮುಖಗಳು. ಕೊನೆಯ ಸೆಮಿಸ್ಟರ್, ಕೆಲಸ ಸಿಕ್ಕಿದೆ, ಪದವಿ ಸಮಾರಂಭಕ್ಕೆ ಅಜ್ಜ ಅಜ್ಜಿಗೆ ಬೆಂಗಳೂರಿನಿಂದ ಟಿಕೆಟ್ ಕೂಡ ಆಗಿದೆ. ಕಂಪ್ಯೂಟರ್‌ನಲ್ಲಿ ಕೋರ್ಸುಗಳ ಪಟ್ಟಿ ತೆರೆದರೆ ಎಲ್ಲ ಮುಗಿದಿದೆ, ಒಂದು ಸಾಲು ಮಾತ್ರ ಹಾಗೇ ಉಳಿದಿದೆ. ಅದು ಭಾಷೆ, ಅಂದರೆ ಪದವಿಗೆ ಇಲ್ಲಿನ ಅನೇಕ ಕಾಲೇಜುಗಳು ಕೇಳುವ, ಇಂಗ್ಲಿಷ್ ಅಲ್ಲದ ಇನ್ನೊಂದು ಭಾಷೆ. ಅಮೆರಿಕದ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಕೋರ್ಸ್ ಆರಿಸಲು ಸಲಹೆ ಕೊಡುವುದು ನನ್ನ ಕೆಲಸ. ಈ ಒಂದು ಸಾಲಿನ ಬಗ್ಗೆ ನಮ್ಮ ಕನ್ನಡದ ಮನೆಗಳಲ್ಲಿ ಮೊದಲೇ ಮಾತಾಡಬೇಕು ಅನ್ನುವುದು ನನ್ನ ಆಸೆ.

ಬೇರೆ ನಿಯಮಗಳನ್ನು ಕೊನೆಗೆ ಒಟ್ಟಿಗೆ ಮುಗಿಸಬಹುದು. ಒಂದು ಇತಿಹಾಸ, ಒಂದು ವಿಜ್ಞಾನ, ಎರಡನ್ನೂ ಒಂದೇ ಸೆಮಿಸ್ಟರಿನಲ್ಲಿ ತಗೊಂಡರೆ ಆಯಿತು. ಭಾಷೆಯಲ್ಲಿ ಅದು ಆಗದ ಮಾತು. ಒಂದು ಮುಗಿಯದೆ ಎರಡಕ್ಕೆ ಹೋಗುವಂತಿಲ್ಲ, ಎರಡು ಮುಗಿಯದೆ ಮೂರಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಕಲೆ ಮತ್ತು ವಿಜ್ಞಾನ ವಿಭಾಗ ನಾಲ್ಕನೇ ಸೆಮಿಸ್ಟರಿನ ಮಟ್ಟ ಕೇಳುತ್ತದೆ. ಕೊಲಂಬಿಯಾ ಕಾಲೇಜಿನಲ್ಲೂ ಅಷ್ಟೇ. ಸೊನ್ನೆಯಿಂದ ಶುರು ಮಾಡಿದರೆ ಪೂರಾ ಎರಡು ವರ್ಷ ಬೇಕು. ಮಾರ್ಚ್‌ನಲ್ಲಿ ಬಂದ ಮಗುವಿಗೆ ನಾನು ಎಲ್ಲಿಂದ ಎರಡು ವರ್ಷ ತಂದುಕೊಡಲಿ?

ತಪ್ಪು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಆಗುತ್ತದೆ. ಕಾಲೇಜಿಗೆ ಸೇರಲು ಬೇಕಾದ ಭಾಷೆ ಬೇರೆ, ಪದವಿ ಪಡೆಯಲು ಬೇಕಾದ ಭಾಷೆ ಬೇರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಲು ಹೈಸ್ಕೂಲಿನಲ್ಲಿ ಕನಿಷ್ಠ 2 ವರ್ಷ ಇಂಗ್ಲಿಷ್ ಅಲ್ಲದ ಭಾಷೆ ಓದಿರಬೇಕು, 3 ವರ್ಷ ಆದರೆ ಒಳ್ಳೆಯದು. ಅದು ಬಾಗಿಲು ದಾಟಲು. ಒಳಗೆ ಹೋದ ಮೇಲೆ ನಿಮ್ಮ ವಿಭಾಗದ ನಿಯಮ ಬೇರೆಯೇ ಇರಬಹುದು. ಅದರಲ್ಲೂ ಇಂಜಿನಿಯರಿಂಗ್‌ಗೆ ಸೇರಿ, ಆಮೇಲೆ ಕಲೆ ಮತ್ತು ವಿಜ್ಞಾನ ವಿಭಾಗಕ್ಕೆ ಬದಲಾಗುವವರು ಹುಷಾರಾಗಿರಬೇಕು. ಅಲ್ಲಿ ಇಲ್ಲದಿದ್ದ ನಿಯಮ ಇಲ್ಲಿ ಬಂದು ಕೂರುತ್ತದೆ.

ಇನ್ನು ಪ್ಲೇಸ್‌ಮೆಂಟ್. ನಮ್ಮೂರಲ್ಲಿ ಈ ಪದ ಕೇಳಿದರೆ ಕ್ಯಾಂಪಸ್‌ಗೆ ಕಂಪನಿಗಳು ಬರುವುದು ನೆನಪಾಗುತ್ತದೆ. ಇಲ್ಲಿ ಭಾಷೆಯ ವಿಷಯದಲ್ಲಿ ಅದರ ಅರ್ಥ, ನೀವು ಯಾವ ತರಗತಿಯಲ್ಲಿ ಕೂರಬೇಕು ಎಂದು ತೀರ್ಮಾನಿಸುವ ಪರೀಕ್ಷೆ. ಇದರಲ್ಲಿ ಪಾಸು ಫೇಲು ಇಲ್ಲ. ಹೈಸ್ಕೂಲಿನಲ್ಲಿ ಮೂರು ವರ್ಷ ಸ್ಪ್ಯಾನಿಷ್ ಓದಿದವರು ಮೂರನೇ ಸೆಮಿಸ್ಟರಿನ ತರಗತಿಗೆ ಬಿದ್ದರೆ, ಮುಂದೆ ಎರಡು ಕೋರ್ಸ್ ಸಾಕು. ಚೆನ್ನಾಗಿ ಬಂದರೆ ಅದೂ ಬೇಡ, ನಿಯಮ ಅಲ್ಲಿಗೇ ಮುಗಿಯಿತು.

ದಯವಿಟ್ಟು ಈ ಪರೀಕ್ಷೆಯನ್ನು ನಿಮಗೆ ಬರುವಷ್ಟೇ ಬರೆಯಿರಿ. ಮನೆಯಲ್ಲಿ ಕೂತು ಆನ್‌ಲೈನ್‌ನಲ್ಲಿ ಬರೆಯುವಾಗ ಫೋನ್ ಪಕ್ಕಕ್ಕಿಟ್ಟುಕೊಂಡು ಮೇಲಿನ ತರಗತಿಗೆ ಹೋದವರನ್ನು ನೋಡಿದ್ದೇನೆ. ಎರಡನೇ ವಾರಕ್ಕೆ ಅಳುತ್ತಾ ಬರುತ್ತಾರೆ. ಸುಲಭವಾಗಿ ಎ ಗ್ರೇಡ್ ಸಿಗಲಿ ಅಂತ ಬೇಕೆಂದೇ ಕೆಟ್ಟದಾಗಿ ಬರೆಯುವವರೂ ಇದ್ದಾರೆ. ಮೇಷ್ಟ್ರಿಗೆ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಮೇಲಿನ ತರಗತಿಗೆ ಕಳಿಸುವ ಹೊತ್ತಿಗೆ ಅಲ್ಲಿ ಸೀಟು ಇರುವುದಿಲ್ಲ.

"ಮನೆಯಲ್ಲಿ ಕನ್ನಡ ಮಾತಾಡ್ತೀವಲ್ಲ, ಅದು ನಡೆಯಲ್ವಾ?" ತಾಯಿತಂದೆಯರು ಕೇಳುವ ಪ್ರಶ್ನೆ ಇದು. ನಡೆಯಬಹುದು. ಆದರೆ ಅದಕ್ಕೆ ದಾರಿ ಬೇರೆ. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ವಿಷಯಗಳಿಗೆ ಬರೆಯುವ ಎಪಿ ಪರೀಕ್ಷೆಗಳಲ್ಲಿ ಕನ್ನಡ ಇಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಂಥ ಕೆಲವೇ ಕಡೆ ಕನ್ನಡ ಕಲಿಸುತ್ತಾರೆ. ಕನ್ನಡ ಮೇಷ್ಟ್ರು ಇಲ್ಲದ ಕಡೆ ಹೊರಗಿನ ಪರೀಕ್ಷೆಯ ಫಲಿತಾಂಶ ತೋರಿಸಿ ವಿನಾಯಿತಿ ಕೇಳಬೇಕಾಗುತ್ತದೆ. ಅವಾಂತ್ ಸಂಸ್ಥೆಯ ಸ್ಟಾಂಪ್ ಪರೀಕ್ಷೆಯ ಪಟ್ಟಿಯಲ್ಲಿ ಕನ್ನಡ ಇದೆ. ಕನ್ನಡಕ್ಕೆ ಅದು ಮಾತನ್ನೂ ಬರವಣಿಗೆಯನ್ನೂ ನೋಡುತ್ತದೆ. ನಿಮ್ಮ ಕಾಲೇಜು ಅದನ್ನು ಒಪ್ಪುತ್ತದೆಯೇ ಎಂದು ಫೀಸು ಕಟ್ಟುವ ಮೊದಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಸಾಲದು.

ಬರವಣಿಗೆ ಅಂದೆನಲ್ಲ, ತೊಡಕು ಅಲ್ಲೇ ಇದೆ. ಒಂದು ಸಲ ಮೊದಲ ವರ್ಷದ ಹುಡುಗಿ ಬಂದಿದ್ದಳು. ನನ್ನ ಹೆಸರು ನೋಡಿ, "ಆಂಟಿ, ನೀವು ಕನ್ನಡನಾ?" ಅಂದಳು. ಆಮೇಲೆ ಅರ್ಧ ಗಂಟೆ ಅರಳು ಹುರಿದಂತೆ ಮಾತು, ಹಾಸನದ ಅಜ್ಜಿಯ ಮನೆ, ಅಕ್ಕಿರೊಟ್ಟಿ, ಎಲ್ಲ ಬಂತು. ಒಂದು ಹಾಳೆ ಕೊಟ್ಟು, ಇದನ್ನೇ ನಾಲ್ಕು ಸಾಲು ಬರಿ ನೋಡೋಣ ಅಂದೆ. 'ಅಜ್ಜಿ' ಬರೆಯಲು ಹೋಗಿ 'ಅಜಿ' ಬರೆದು ನಿಲ್ಲಿಸಿದಳು. ಏನೋ ಬಿಟ್ಟುಹೋಗಿದೆ ಅಂತ ಅವಳ ಕಿವಿಗೆ ಗೊತ್ತು, ಕೈಗೆ ಗೊತ್ತಿಲ್ಲ. 'ರೊಟ್ಟಿ'ಯಲ್ಲೂ ಹಾಗೇ ಆಯಿತು. ನಾನು ಒತ್ತಕ್ಷರ ಬರೆದು ತೋರಿಸಿದೆ. ಅವಳು ಆ ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಆ ಹುಡುಗಿಗೆ ಭಾಷೆ ಬರುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ಹದಿನೆಂಟು ವರ್ಷದ ಆಸ್ತಿ ಅದು. ಅವಳಿಗೆ ಬೇಕಿದ್ದದ್ದು ಲಿಪಿ, ಅದೂ ಕೆಲವು ತಿಂಗಳ ಕೆಲಸ. ವಾರಾಂತ್ಯದ ಕನ್ನಡ ಕಲಿ ತರಗತಿಗೆ ಮಕ್ಕಳನ್ನು ಕಳಿಸುವಾಗ ಸುಮ್ನೆ ಹಾಡು, ನಾಟಕಕ್ಕೆ ನಿಲ್ಲಿಸಬೇಡಿ, ಕಾಗುಣಿತದವರೆಗೂ ಹೋಗಲಿ ಎಂದು ನಾನು ಹೇಳುವುದು ಇದಕ್ಕೇ. ಇಂಗ್ಲಿಷ್ ಜೊತೆ ಇನ್ನೊಂದು ಭಾಷೆಯನ್ನೂ ಓದಿ ಬರೆಯಬಲ್ಲ ಹೈಸ್ಕೂಲ್ ಮಕ್ಕಳಿಗೆ ಕೊಡುವ ಮನ್ನಣೆ ದ್ವಿಭಾಷಾ ಮುದ್ರೆ (ಸೀಲ್ ಆಫ್ ಬೈಲಿಟರಸಿ); ಕ್ಯಾಲಿಫೋರ್ನಿಯಾದಲ್ಲಿ 2011ರ ಕಾನೂನಿನಿಂದ ಶುರುವಾದ ಅದು ಈಗ ಬೇರೆ ರಾಜ್ಯಗಳಲ್ಲೂ ಇದೆ. ಹೈಸ್ಕೂಲಿನಲ್ಲೇ ಅದನ್ನು ಪಡೆದರೆ, ಕೆಲವು ಕಾಲೇಜುಗಳು ಅದನ್ನು ಲೆಕ್ಕಕ್ಕೆ ತಗೊಳ್ಳುತ್ತವೆ.

ಕನ್ನಡದ ದಾರಿ ಸಿಗದಿದ್ದರೆ ಹಿಂದಿ ಇದೆ. ಸಿನಿಮಾ ನೋಡಿ ಕಿವಿ ಪಳಗಿರುತ್ತದೆ, ಕೇಳಿ ಕೇಳಿ ಹಿಂದಿ ಅರ್ಧಂಬರ್ಧ ಬರುವವರಿಗೆಂದೇ ಕೆಲವು ಕಡೆ ಬೇರೆ ತರಗತಿ ಇರುತ್ತದೆ. ಕೇಳಿ ನೋಡಿ.

ಕೋರ್ಸ್ ಶುರು ಮಾಡಿದ ಮೇಲೆ ನಡುವೆ ಬಿಡಬೇಡಿ. ಎರಡನೇ ಸೆಮಿಸ್ಟರ್ ಆದ ಮೇಲೆ ಒಂದು ವರ್ಷ ಬಿಟ್ಟು ಮೂರನೆಯದಕ್ಕೆ ಹೋದವರು ತುಂಬಾ ಕಷ್ಟಪಡುತ್ತಾರೆ. ಗ್ರೇಡ್ ಬದಲು ಪಾಸು ಫೇಲು ಆರಿಸಿದರೆ ಅನೇಕ ಕಡೆ ನಿಯಮಕ್ಕೆ ಲೆಕ್ಕ ಸಿಗುವುದಿಲ್ಲ, ಅದನ್ನೂ ಮೊದಲೇ ಕೇಳಿ. ಒಂದು ಲಾಭವೂ ಇದೆ. ವಿಸ್ಕಾನ್ಸಿನ್ ಮ್ಯಾಡಿಸನ್‌ನಂಥ ಕಡೆ, ಪ್ಲೇಸ್‌ಮೆಂಟ್‌ನಲ್ಲಿ ಮೇಲಿನ ತರಗತಿಗೆ ಬಂದು ಅಲ್ಲಿ ಬಿ ಅಥವಾ ಹೆಚ್ಚು ಗ್ರೇಡ್ ಪಡೆದರೆ, ಬಿಟ್ಟುಬಂದ ಕೆಳಗಿನ ಕೋರ್ಸುಗಳ ಕ್ರೆಡಿಟ್ ಕೂಡ ಸಿಗುವ ವ್ಯವಸ್ಥೆ ಇದೆ. ಅಷ್ಟು ಶುಲ್ಕ ಉಳಿದಂತೆ, ಅಲ್ವಾ?

ಕರ್ನಾಟಕದಿಂದಲೇ ಪದವಿಗೆ ಬರುವವರ ಕಥೆ ಸುಲಭ, ಕಾಗದ ಇದ್ದರೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅನೇಕ ಕಾಲೇಜುಗಳು ವಿನಾಯಿತಿ ಕೊಡುತ್ತವೆ. ಇಂಗ್ಲಿಷ್ ಮಾಧ್ಯಮದವರು ಕನ್ನಡ ಓದಿದ್ದಕ್ಕೆ ಸಾಕ್ಷಿ ತೋರಿಸಬೇಕು. ಅದಕ್ಕೆ 125 ಅಂಕದ ಪ್ರಥಮ ಭಾಷೆ ಕನ್ನಡ ಎಂದಿರುವ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗಿಂತ ಒಳ್ಳೆಯದು ಬೇರೆ ಯಾವುದಿದೆ? ಪಿಯುಸಿ ಅಂಕಪಟ್ಟಿ ಮಾತ್ರ ತಂದು, ಹತ್ತನೇ ತರಗತಿಯದನ್ನು ಊರಲ್ಲೇ ಬಿಟ್ಟುಬರುವವರು ಜಾಸ್ತಿ. ಮೂಲ ಪ್ರತಿ ಮತ್ತು ಒಂದು ದೃಢೀಕೃತ ನಕಲು, ಎರಡನ್ನೂ ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಂಡು ಬನ್ನಿ.